ಗಾಯವೇ ಇಲ್ಲದಿದ್ದರೂ ಮುಪ್ಪಿನಲ್ಲಿ ಉರಿಯೂತ ಏಕೆ?

ಗಾಯ, ಜ್ವರ ಏನೂ ಇಲ್ಲದ, ಎಪ್ಪತ್ತು ದಾಟಿದ ನಿಮ್ಮ ತಂದೆಯವರ ರಕ್ತದಲ್ಲಿ, ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನು ತುಸು ಏರಿರುವುದೇಕೆ ಎಂದು ಬಾಗಲಕೋಟೆಯಿಂದ ಕೇಳಿದ್ದೀರಿ. ಸೋಂಕಿಲ್ಲದೆಯೂ ಸಣ್ಣಗೆ ಹೊಗೆಯಾಡುವ ಇಂಥ ಉರಿಯೂತಕ್ಕೆ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ರಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಇದರ ಮೂಲಗಳಲ್ಲೊಂದು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ. ಹಸಿ ಹತ್ತಿಕಟ್ಟಿಗೆ ತುರುಕಿದ ಒಲೆಯಲ್ಲಿ ಜೋಳದ ರೊಟ್ಟಿ ಬೇಯದೆ ಕಣ್ಣುರಿ ಮಾತ್ರ ಹೆಚ್ಚುವಂತೆ, ಹದಗೆಟ್ಟ ಮೈಟೊಕಾಂಡ್ರಿಯಾದಲ್ಲಿ ಶಕ್ತಿಯ ಉತ್ಪಾದನೆ ತಗ್ಗಿ ಹಾನಿಕರ ಆಮ್ಲಜನಕ ಕಣಗಳು ಹೆಚ್ಚುತ್ತವೆ. ಹೋಲಿಕೆ ಇಷ್ಟಕ್ಕೇ ಸಾಕು. ನಿಜವಾದ ಸ್ವಾರಸ್ಯವಿರುವುದು ಡಿಎನ್‌ಎಯಲ್ಲಿ. ಮೈಟೊಕಾಂಡ್ರಿಯಾದ ಪೂರ್ವಜ ಒಂದು ಬ್ಯಾಕ್ಟೀರಿಯಾ ಆಗಿದ್ದುದರಿಂದ ಅದಕ್ಕೆ 37 ವಂಶವಾಹಿಗಳುಳ್ಳ, ಉಂಗುರಾಕಾರದ ಸ್ವಂತ ಡಿಎನ್‌ಎ ಇದೆ. ಪೊರೆ ಕೆಟ್ಟು ಅದು ಕೋಶರಸಕ್ಕೆ ಸೋರಿದಾಗ, ಸಿಗ್ಯಾಸ್ ಎಂಬ ಕಾವಲು ಪ್ರೋಟೀನು ರೋಗಾಣುವೇ ಒಳಹೊಕ್ಕಿತೆಂಬಂತೆ ಎಚ್ಚೆತ್ತು, ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತದೆ. ಯೌವನದಲ್ಲಿ ಕೆಟ್ಟ ಮೈಟೊಕಾಂಡ್ರಿಯಾವನ್ನು ಕೋಶವೇ ಜೀರ್ಣಿಸಿಕೊಳ್ಳುತ್ತದೆ. ‘ಮೈಟೊಫೇಜಿ’ ಎನ್ನುವ ಈ ಕೆಲಸ ವಯಸ್ಸಾದಂತೆ ಮಂದವಾಗುತ್ತದೆ. ನಿಯಮಿತ ವ್ಯಾಯಾಮವು ಸ್ನಾಯುಗಳಲ್ಲಿ ಹೊಸ ಮೈಟೊಕಾಂಡ್ರಿಯಾ ಮೂಡಲು ನೆರವಾಗುತ್ತದೆ. ಆದರೂ ಬೊಜ್ಜು, ಸಕ್ಕರೆ ಕಾಯಿಲೆ, ವಸಡಿನ ಸೋಂಕುಗಳಿಂದಲೂ ಸಿಆರ್‌ಪಿ ಏರಬಹುದಾದ್ದರಿಂದ, ಎಲ್ಲವನ್ನೂ ಮುಪ್ಪಿನ ತಲೆಗೆ ಕಟ್ಟದೆ ವರದಿಯನ್ನು ವೈದ್ಯರಿಗೊಮ್ಮೆ ತೋರಿಸಿರಿ.