ಮೂಗು ನಿಮ್ಮದು, ಅಗಲ ಫೋನಿನದು

ಪ್ರಶ್ನೆ: ನನಗೆ 21 ವರ್ಷ. ಒಂದು ಸೆಲ್ಫಿ ಹಾಕಬೇಕೆಂದರೆ ನಲವತ್ತು, ಐವತ್ತು ತೆಗೆಯುತ್ತೇನೆ. ಎಲ್ಲದರಲ್ಲೂ ಮೂಗು ದಪ್ಪ. ಅಳಿಸಿ ಮತ್ತೆ ತೆಗೆಯುತ್ತೇನೆ. ಫಿಲ್ಟರ್ ಹಾಕಿ ಪೋಸ್ಟ್ ಮಾಡಿದರೂ ಸಮಾಧಾನ ಇಲ್ಲ. ನನಗೆ ಸೆಲ್ಫೈಟಿಸ್ ಅನ್ನೋ, ಅಂದರೆ ಸೆಲ್ಫಿ ತೆಗೆಯುವ ಗೀಳಿನ, ಕಾಯಿಲೆ ಇದೆ ಅಂತ ಗೆಳತಿ ಹೇಳುತ್ತಾಳೆ. ಮೂಗಿಗೆ ಸರ್ಜರಿ ಮಾಡಿಸಿದರೆ ಸರಿಹೋಗುತ್ತದಾ?
– ಹೆಸರು ಬೇಡ

ಉತ್ತರ: ಮೊದಲು ಮೂಗಿನ ಪಂಚಾಯಿತಿ ಮುಗಿಸಿಬಿಡೋಣ. ಕ್ಯಾಮೆರಾಗೆ ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತದೆ. ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂಗು, ಹಿಂದೆ ಇರುವುದು ಕಿವಿ. ಫೋನನ್ನು ಒಂದಡಿ ದೂರದಲ್ಲಿ ಹಿಡಿದರೆ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಐದಡಿ ದೂರದಿಂದ ತೆಗೆದರೆ ಈ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. (ಫೋನಿನ ಡಬ್ಬದ ಮೇಲೆ ಇದನ್ನು ಯಾರೂ ಬರೆಯಲ್ಲ ಬಿಡಿ.) ಸರ್ಜನ್ ಹತ್ತಿರ ಹೋಗುವ ಮೊದಲು ಗೆಳತಿಯ ಕೈಗೆ ಫೋನ್ ಕೊಡಿ, ಐದಡಿ ಹಿಂದೆ ನಿಲ್ಲಿ, ಹಿಂದಿನ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಸಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಕಿತಾಪತಿಯೂ ಇದೆ. ದಿನಾ ಕನ್ನಡಿಯಲ್ಲಿ ನಾವು ನೋಡುವುದು ನಮ್ಮ ತಿರುವುಮುರುವಾದ ಮುಖ. ಕಣ್ಣಿಗೆ ಅದೇ ಅಭ್ಯಾಸ. ಕೆಲವು ಫೋನುಗಳಲ್ಲಿ ಸೇವ್ ಆದ ಫೋಟೋ ಉಲ್ಟಾ ಆಗುತ್ತದೆ, ಅಂದರೆ ಬೇರೆಯವರು ನೋಡುವ ಹಾಗೆ ಕಾಣುತ್ತದೆ. ಆಗ 'ಇದ್ಯಾಕೋ ನಾನಲ್ಲ' ಅನ್ನಿಸುತ್ತದೆ. 1977ರ ಒಂದು ಪ್ರಯೋಗದಲ್ಲಿ ಜನ ತಮ್ಮ ಕನ್ನಡಿ ಮುಖವನ್ನೇ ಜಾಸ್ತಿ ಮೆಚ್ಚಿದರು, ಅವರ ಗೆಳೆಯರು ಮೆಚ್ಚಿದ್ದು ಇನ್ನೊಂದನ್ನು.

ಸೆಲ್ಫೈಟಿಸ್ ವಿಷಯ. 2014ರಲ್ಲಿ ಒಂದು ತಮಾಷೆ ವೆಬ್‌ಸೈಟ್, ಅಮೆರಿಕದ ಮನೋವೈದ್ಯರ ಸಂಘ ಇದನ್ನು ಕಾಯಿಲೆ ಎಂದು ಘೋಷಿಸಿದೆ ಅಂತ ಸುಳ್ಳು ಸುದ್ದಿ ಬಿಟ್ಟಿತು. ಊರೆಲ್ಲ ನಂಬಿತು. 2017ರಲ್ಲಿ ಸಂಶೋಧಕರಾದ ಜನಾರ್ದನನ್ ಬಾಲಕೃಷ್ಣನ್ ಮತ್ತು ಮಾರ್ಕ್ ಗ್ರಿಫಿತ್ಸ್ ಈ ಅಭ್ಯಾಸವನ್ನು ಅಳೆಯಲು 20 ಹೇಳಿಕೆಗಳ ಒಂದು ಮಾಪಕ ಮಾಡಿದ್ದು ನಿಜ. ಆದರೆ ವೈದ್ಯರ ಕಾಯಿಲೆ ಪಟ್ಟಿಯಲ್ಲಿ ಆ ಹೆಸರಿಲ್ಲ. ಗೆಳತಿಗೆ ಹೇಳಿ.

ಹಾಗಂತ ನಿಮ್ಮ ಪತ್ರವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಎಷ್ಟು ಫೋಟೋ ಅನ್ನುವುದು ನನಗೆ ಮುಖ್ಯವಲ್ಲ, ತೆಗೆದ ಮೇಲೆ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ನನ್ನ ಎದುರು ಕೂತು ಫೋನ್ ತೋರಿಸುವ ಹುಡುಗ ಹುಡುಗಿಯರನ್ನು ಗಮನಿಸಿದ್ದೇನೆ. ಫೋಟೋ ತೆರೆದ ತಕ್ಷಣ ಎರಡು ಬೆರಳು ನೇರ ಮೂಗಿಗೋ ಮೊಡವೆಗೋ ಹೋಗಿ ಹಿಗ್ಗಿಸುತ್ತವೆ. ಹಿಂದೆ ನಗುತ್ತಿರುವ ಸ್ನೇಹಿತರು ಪರದೆಯಿಂದಲೇ ಹೊರಗೆ ಹೋಗಿರುತ್ತಾರೆ. ಇದು ಫೋಟೋ ನೋಡುವುದಲ್ಲ, ತಪ್ಪು ಹುಡುಕುವುದು. ಫಿಲ್ಟರ್ ಇದನ್ನು ನಿಲ್ಲಿಸುವುದಿಲ್ಲ. 2018ರಲ್ಲಿ ಕೆನಡಾದಲ್ಲಿ ಯುವತಿಯರ ಮೇಲೆ ನಡೆದ ಪ್ರಯೋಗದಲ್ಲಿ, ಸೆಲ್ಫಿ ತೆಗೆದು ಹಾಕಿದವರಿಗೆ ಆತಂಕ ಹೆಚ್ಚಿತ್ತು, ಆತ್ಮವಿಶ್ವಾಸ ತಗ್ಗಿತ್ತು. ತಿದ್ದಿ ಹಾಕಿದವರಿಗೂ ಅಷ್ಟೇ.

ಈ ವಾರ ಹಿಗ್ಗಿಸುವುದೊಂದನ್ನು ಬಿಡಿ. ಮೂರು ತೆಗೆಯಿರಿ, ಒಂದು ಇಟ್ಟುಕೊಳ್ಳಿ, ಫೋನ್ ಕೆಳಗಿಡಿ. ಮೊದಲೆರಡು ದಿನ ಕೈ ಸುಮ್ನೆ ಇರಲ್ಲ, ಅದು ಸಹಜ.

ಮೂಗಿನ ಯೋಚನೆಯಲ್ಲೇ ದಿನಕ್ಕೆ ಗಂಟೆಗಟ್ಟಲೆ ಹೋಗುತ್ತಿದ್ದರೆ, ಕ್ಲಾಸು, ಸಮಾರಂಭ ತಪ್ಪಿಸುತ್ತಿದ್ದರೆ, ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ (ಬೇರೆಯವರ ಕಣ್ಣಿಗೆ ಬೀಳದ ಕುಂದನ್ನೇ ದೊಡ್ಡದು ಮಾಡಿಕೊಂಡು ಸದಾ ಕೊರಗುವುದು) ಎಂಬ ಕಾಯಿಲೆ ಇದೆ, ಅದು ವೈದ್ಯರ ಪಟ್ಟಿಯಲ್ಲೂ ಇದೆ. ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ, ಎರಡೂ ಕೆಲಸ ಮಾಡುತ್ತವೆ. ಅದಕ್ಕೆ ಸರ್ಜರಿ ಮದ್ದಲ್ಲ. ಮೂಗು ಬದಲಾದರೂ ಕಣ್ಣು ಗಲ್ಲಕ್ಕೋ ಹಣೆಗೋ ಹೋಗುತ್ತದೆ.

ಪ್ರಶ್ನೆ: ದಿನಾ ಒಂದು ಸೆಲ್ಫಿ ತೆಗೆದರೆ ಖುಷಿಯಾಗುತ್ತದಂತೆ, ನಿಜಾನಾ?
– ಓದುಗ, 24 ವರ್ಷ

ಉತ್ತರ: ಅರ್ಧ ನಿಜ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 41 ವಿದ್ಯಾರ್ಥಿಗಳಿಗೆ ದಿನಾ ಫೋಟೋ ತೆಗೆಯಲು ಹೇಳಿದರು. ನಗುವ ಸೆಲ್ಫಿ ತೆಗೆದವರ ಮನಸ್ಸು ಹಗುರಾಯಿತು. ಬೇರೆಯವರ ಖುಷಿಗೆ ಅಂತ ಫೋಟೋ ತೆಗೆದು ಕಳಿಸಿದವರಿಗೂ ಒಳ್ಳೆಯದಾಯಿತು. ಇಲ್ಲಿ ಲೈಕ್ ಎಣಿಸುವ ಆಟ ಇರಲಿಲ್ಲ, ನೋಡಿ. ಅಜ್ಜಿಗೋ ದೂರದ ಗೆಳೆಯನಿಗೋ ಒಂದು ಕಳಿಸಿ. ಅವರು ನಿಮ್ಮ ಮೂಗು ಹಿಗ್ಗಿಸಿ ನೋಡಲ್ಲ, ಊಟ ಆಯ್ತಾ ಅಂತ ಕೇಳುತ್ತಾರೆ.