ಕೊಟ್ಟಿಗೆಯಲ್ಲಿ ನಿಂತ ಅಜ್ಜನ ಹೆರಾಲ್ಡನ್ನು ಸ್ಪೋರ್ಟ್ಸ್ ಕಾರಾಗಿ ಮಾಡಿಸಬಹುದೇ?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ತೀರ್ಥಹಳ್ಳಿ ಸಮೀಪದ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ವರ್ಷಗಟ್ಟಲೆಯಿಂದ ನಿಂತಿದೆ. ಅದನ್ನು ದುರಸ್ತಿ ಮಾಡಿಸಿ, ಈಗಿನ ಕಾರಿನ ಇಂಜಿನ್ ಕೂರಿಸಿ, ಆಗುಂಬೆ ಘಾಟಿಯಲ್ಲಿ ಸ್ಪೋರ್ಟ್ಸ್ ಕಾರಿನಂತೆ ಓಡಿಸಬೇಕು. ಎಲ್ಲಿಂದ ಆರಂಭಿಸುವುದು?

ಕಾರನ್ನು ಖಂಡಿತ ಹೊರಗೆ ತನ್ನಿ. ಆದರೆ ಇಂಜಿನ್ ಬದಲಿಸುವ ಯೋಚನೆಯನ್ನು ಇಂದೇ ಬಿಟ್ಟುಬಿಡಿ. ನಾನು ಶಿವಮೊಗ್ಗದಲ್ಲಿ ಇದೇ ಮಾದರಿಯ ಕಾರನ್ನು ಸರಿಪಡಿಸಿಕೊಂಡು ಇಂದಿಗೂ ಓಡಿಸುತ್ತಿದ್ದೇನೆ. ಇದು ಚೆನ್ನಾಗಿ ನಿಲ್ಲಬೇಕು, ಹೇಳಿದ ಕಡೆಗೆ ತಿರುಗಬೇಕು, ಒಣಗಿರಬೇಕು. ವೇಗದ ಮಾತು ಆಮೇಲೆ.

ಸ್ಪೋರ್ಟ್ಸ್ ಕಾರಿನ ಆಸೆ ತಪ್ಪೇನಲ್ಲ, ಅದರ ವಂಶವೇ ಅಂಥದ್ದು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಆಗಿ ಬಂದ ಈ ಕಾರಿನ ರೂಪ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯದು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಅದನ್ನು ನಮ್ಮಲ್ಲಿ ತಯಾರಿಸಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಹೆರಾಲ್ಡಿನ ಚಾಸಿಯನ್ನು, ಅಂದರೆ ಅಡಿಯ ಉಕ್ಕಿನ ಚೌಕಟ್ಟನ್ನು, ಗಿಡ್ಡ ಮಾಡಿ ಕಟ್ಟಿದ ಸ್ಪೋರ್ಟ್ಸ್ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ನಿಮ್ಮ ಕಾರಿನದು 948 ಸಿಸಿ ಇಂಜಿನ್, ಶಕ್ತಿ 40 ಅಶ್ವಶಕ್ತಿಯ ಒಳಗೇ. ಅದೇ ಕುಟುಂಬದ ಇಂಜಿನ್ನನ್ನು 1147 ಸಿಸಿಗೆ ಹಿಗ್ಗಿಸಿ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಎಸ್‌ಯು ಕಂಪನಿಯ ಕಾರ್ಬುರೇಟರ್ ಎರಡನ್ನು ಹಾಕಿ ಸ್ಪಿಟ್‌ಫೈರ್‌ನಲ್ಲಿ 63 ಅಶ್ವಶಕ್ತಿ ತೆಗೆದರು. ಮುಂದಿನ ಸಸ್ಪೆನ್ಷನ್, ಬ್ರೇಕು, ಸ್ಟೇರಿಂಗಿನ ಎಷ್ಟೋ ಭಾಗಗಳು ಎರಡಕ್ಕೂ ಹೊಂದುತ್ತವೆ, ಬ್ರಿಟನ್ನಿನಲ್ಲಿ ಅವು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಮನೆಯೊಳಗೇ ನೆಂಟಸ್ತನ ಇರುವಾಗ ಹೊರಗಿನ ಇಂಜಿನ್ ಏಕೆ?

ಹಣ ಬಿಚ್ಚುವ ಮೊದಲು ಕಾಗದಪತ್ರ ನೋಡಿ. ಆರ್‌ಸಿ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸುದಾರರ ಒಪ್ಪಿಗೆಯೊಂದಿಗೆ ವರ್ಗಾವಣೆ ಮಾಡಿಸಿಕೊಳ್ಳಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದರೆ ಪ್ರದರ್ಶನ, ವಿಂಟೇಜ್ ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಶೃಂಗೇರಿಗೆ ಹೋಗುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಮೇಲು. ಆ ದಾರಿ ಹಿಡಿದರೂ ಬೇರೆ ಇಂಜಿನ್ ಕೂರಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ಅಡ್ಡ ಬರುತ್ತದೆ. ಆರ್‌ಟಿಒ ಅನುಮತಿಯಿಲ್ಲದೆ ಇಂಜಿನ್ ಬದಲಿಸುವಂತಿಲ್ಲ. ಅಷ್ಟೆಲ್ಲ ಮಾಡಿ ಹೊಸ ಇಂಜಿನ್ ಹಾಕಿದಿರಿ ಎನ್ನೋಣ, 40 ಅಶ್ವಶಕ್ತಿಗೆಂದು ಮಾಡಿದ ಪುಟ್ಟ ಡಿಫರೆನ್ಷಿಯಲ್ (ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಅದರ ಎಳೆತವನ್ನು ಬಹಳ ದಿನ ತಾಳುವುದಿಲ್ಲ.

ಇನ್ನು ಕೊಟ್ಟಿಗೆಯ ವಿಚಾರ. ಪಕ್ಕದಲ್ಲೇ ದನ ಕಟ್ಟುತ್ತಿದ್ದರೆ ಮೊದಲ ಕೆಲಸವೆಂದರೆ ಕಾರನ್ನು ಅಲ್ಲಿಂದ ಅಡಿಕೆ ಮನೆಗೋ ಜಗಲಿಯ ಮಗ್ಗುಲಿಗೋ ಸರಿಸುವುದು. ಗಂಜಲದಿಂದ ಏಳುವ ಅಮೋನಿಯ ಹಿತ್ತಾಳೆಯನ್ನು ಸೀಳಿಸುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೇನೆಯವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಅವುಗಳ ಹಿತ್ತಾಳೆಯ ಕೋಶಗಳು ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಅದಕ್ಕೆ ಲಾಯದ ಅಮೋನಿಯವೇ ಕಾರಣವೆಂಬುದು 1921ರಲ್ಲಿ ಸ್ಪಷ್ಟವಾಯಿತು. ನಿಮ್ಮ ಕಾರಿನ ರೇಡಿಯೇಟರ್, ಕಾರ್ಬುರೇಟರಿನ ಜೆಟ್ಟುಗಳು, ವೈರಿಂಗಿನ ತುದಿಗಳು ಎಲ್ಲವೂ ಹಿತ್ತಾಳೆ ಅಥವಾ ತಾಮ್ರ. ರೇಡಿಯೇಟರ್ ಹೊರಗಿನಿಂದ ಚೆನ್ನಾಗಿ ಕಂಡರೂ ನಂಬಬೇಡಿ, ಬಿಚ್ಚಿಸಿ ಗಾಳಿಯ ಒತ್ತಡ ಕೊಟ್ಟು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿ.

ಹೆರಾಲ್ಡಿನ ದೊಡ್ಡ ಗುಣವೆಂದರೆ ಬಾಡಿ ಒಂದೇ ಗಂಟಲ್ಲ. ಭಾಗ ಭಾಗವಾಗಿ ಮಾಡಿ ಚಾಸಿಗೆ ಬೋಲ್ಟು ಹಾಕಿದ್ದಾರೆ. ಬಾನೆಟ್ ಎರಡೂ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚುತ್ತದೆ, ಮುಂದಿನ ಟೈರಿನ ಮೇಲೆ ಕುಳಿತೇ ಇಂಜಿನ್ ಕೆಲಸ ಮಾಡಬಹುದು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದು ಉದುರಿದ್ದರೆ ಗಾಬರಿ ಬೇಡ, ಅದು ಭಾರ ಹೊರುವ ಭಾಗವಲ್ಲ. ನಿಜವಾದ ಪರೀಕ್ಷೆ ಇರುವುದು ಚಾಸಿಯಿಂದ ಪಕ್ಕಕ್ಕೆ ಚಾಚಿರುವ ತೋಳುಗಳಲ್ಲಿ ಮತ್ತು ಹಿಂಭಾಗದಲ್ಲಿ ಡಿಫರೆನ್ಷಿಯಲ್ ಕೂರುವ ಜಾಗದಲ್ಲಿ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಒಳಗೆ ಕೊಳೆತದ್ದು ಮಂದವಾಗಿ ಕೇಳುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಷ್ಟನ್ನೂ ಕತ್ತರಿಸಿ ಹೊಸ ತಗಡು ಸೇರಿಸಬೇಕು. ತುಕ್ಕಿನ ಮೇಲೆ ತೇಪೆ ಹಾಕಿ ಪುಟ್ಟಿ ಮೆತ್ತಿ ಕೊಡುವ ಟಿಂಕರ್ ಕೆಲಸಕ್ಕೆ ಒಪ್ಪಬೇಡಿ, ಎರಡನೇ ಮಳೆಗಾಲಕ್ಕೆ ಅದು ಬಾಯಿ ಬಿಡುತ್ತದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಂಥ ಕಡೆ ಲೇತ್, ವೆಲ್ಡಿಂಗ್, ಟಿಂಕರಿಂಗ್ ಎಲ್ಲ ಹತ್ತಿರ ಹತ್ತಿರ ಇರುವುದರಿಂದ ಈ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ.

ಬಣ್ಣಕ್ಕೆ ಮಾತ್ರ ಕಾಲ ನೋಡಿ ಕೈ ಹಾಕಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಿಮ್ಮ ಊರಿನ ಗಾಳಿಯೂ ಆ ತಿಂಗಳುಗಳಲ್ಲಿ ತೇವದಿಂದ ತುಂಬಿರುತ್ತದೆ. ತಿನ್ನರ್ ಆವಿಯಾಗುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಬಣ್ಣದ ಮೇಲೆ ಕೂರುತ್ತದೆ, ಮೇಲ್ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಳ್ಳೆಯ ಕಾಲ. ಹಳೆ ಬಣ್ಣ ಕೆರೆದು ತಗಡು ಬರಿದು ಮಾಡಿದ ದಿನವೇ ಸಂಜೆಯೊಳಗೆ ಎಪಾಕ್ಸಿ ಪ್ರೈಮರ್ ಬೀಳಬೇಕು. ಸಾಮಾನ್ಯ ಸರ್ಫೇಸರ್ ಪ್ರೈಮರ್ ನೀರನ್ನು ಒಳಕ್ಕೆ ಬಿಡುತ್ತದೆ, ಅದನ್ನು ಹೊಡೆದು ತಿಂಗಳುಗಟ್ಟಲೆ ಬಿಟ್ಟರೆ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ. ನಮ್ಮ ಕಡೆ ಗಾಡಿಯ ಅಡಿಗೆ ಹಳೆ ಆಯಿಲ್ ಮತ್ತು ಸೀಮೆಎಣ್ಣೆ ಹೊಡೆಯುವ ರೂಢಿ ಇದೆ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಬದಲಿಗೆ ಚಾಸಿಯ ಟೊಳ್ಳಿನೊಳಗೆ ಮೇಣದ ಲೇಪನ ಸಿಂಪಡಿಸಿ.

ಈಗ ನಿಮ್ಮ ಜೀವಕ್ಕೆ ಸಂಬಂಧಿಸಿದ ಭಾಗ. ಮುಂದಿನ ಚಕ್ರ ಬಿಚ್ಚಿ ಒಳಗೆ ನೋಡಿ. ನೆಟ್ಟಗೆ ನಿಂತ ಉಕ್ಕಿನ ತುಂಡಿನ ಕೆಳತುದಿಯಲ್ಲಿ ಥ್ರೆಡ್ ಇರುತ್ತದೆ, ಅದು ಹಳದಿ ಲೋಹದ ಒಂದು ಗಟ್ಟಿಯೊಳಗೆ ತಿರುಚಿ ಕೂತಿರುತ್ತದೆ. ಇದೇ ಟ್ರನಿಯನ್. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಉಕ್ಕು ಅದರೊಳಗೆ ತಿರುಗುತ್ತದೆ. ಇದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಿಡಿಯುವುದು ಮೆಕ್ಯಾನಿಕ್‌ಗಳ ಅಭ್ಯಾಸ. ಗ್ರೀಸ್ ಒಳಗೆ ಗಟ್ಟಿಯಾಗಿ ಕೆಳಗಿನ ಥ್ರೆಡ್ಡಿಗೆ ಇಳಿಯುವುದೇ ಇಲ್ಲ. ಅಲ್ಲಿ ಮಳೆನೀರು ನಿಂತು ಉಕ್ಕು ಸವೆಯುತ್ತದೆ, ಒಂದು ದಿನ ಪಟ್ಟನೆ ತುಂಡಾಗಿ ಚಕ್ರ ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿದ್ದಾಗಲೇ ಅದರ ಮೇಲೆ ಒತ್ತಡ ಹೆಚ್ಚು, ಅಂದರೆ ಆಗುಂಬೆಯ 14 ತಿರುವುಗಳಲ್ಲಿ ಪ್ರತಿಯೊಂದರಲ್ಲೂ. ಎರಡೂ ಕಡೆಯ ಟ್ರನಿಯನ್ ಮತ್ತು ಉಕ್ಕಿನ ತುಂಡುಗಳನ್ನು ಹೊಸದಾಗಿ ತರಿಸಿ. ಎಡಕ್ಕೆ ಒಂದು ಥ್ರೆಡ್, ಬಲಕ್ಕೆ ಅದರ ತದ್ವಿರುದ್ಧ ಥ್ರೆಡ್, ಅದಲುಬದಲು ಮಾಡಬಾರದು.

ಹೇಗೂ ಆ ಭಾಗ ಬಿಚ್ಚುತ್ತೀರಿ, ಆಗಲೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿಕೊಳ್ಳಿ. ಸ್ಪಿಟ್‌ಫೈರ್‌ಗೆ ಡಿಸ್ಕ್ ಮೊದಲಿನಿಂದಲೂ ಇತ್ತು, ಆ ಜಾತಿಯ ಉಕ್ಕಿನ ತುಂಡುಗಳೊಂದಿಗೆ ಅದು ಹೆರಾಲ್ಡಿಗೆ ಕೂರುತ್ತದೆ. ಪೆಡಲಿನ ಒತ್ತಡವನ್ನು ಚಕ್ರಗಳ ಬ್ರೇಕಿಗೆ ಕಳಿಸುವ ಹಳೆಯ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು. ನಾಲ್ಕು ಚಕ್ರಗಳಲ್ಲಿ ಎಲ್ಲೇ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಮುಂದೆ ಹಿಂದೆ ಪ್ರತ್ಯೇಕವಾಗಿ ಕೆಲಸ ಮಾಡುವ ಜೋಡಿ ಸರ್ಕ್ಯೂಟಿನ ಸಿಲಿಂಡರ್ ಹಾಕಿಸಿ. ನಾನು ಹೇಳುವ ಎಲ್ಲ ಸುಧಾರಣೆಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಹಿಂದಿನ ಚಕ್ರಗಳ ಸ್ವಭಾವವನ್ನೂ ತಿಳಿದುಕೊಳ್ಳಿ. ಅಡ್ಡಲಾಗಿ ಕೂತ ಒಂದೇ ಪಾಟಾ (ಎಸಳುಗಳನ್ನು ಜೋಡಿಸಿದ ಉಕ್ಕಿನ ಸ್ಪ್ರಿಂಗು), ಡಿಫರೆನ್ಷಿಯಲ್ ಬುಡದಲ್ಲಿ ಮಾತ್ರ ಮಡಿಚುವ ಅರ್ಧ ಆ್ಯಕ್ಸಲ್‌ಗಳು. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಅಥವಾ ಬ್ರೇಕ್ ತುಳಿದರೆ ಹಿಂಭಾಗ ಮೇಲೆದ್ದು ಚಕ್ರಗಳು ಒಳಕ್ಕೆ ಮಡಿಚಿಕೊಳ್ಳುತ್ತವೆ, ಕಾರಿನ ಹಿಂಭಾಗ ರಸ್ತೆಯಾಚೆಗೆ ಜಾರುತ್ತದೆ. ಘಾಟಿಯ ಇಕ್ಕಟ್ಟಾದ ತಿರುವಿಗಿಂತ ಕೊಪ್ಪದ ಕಡೆಯ ಒದ್ದೆ ರಸ್ತೆಯ ಉದ್ದನೆಯ ತಿರುವಿನಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಅಲ್ಲಿ ವೇಗ ಇರುತ್ತದೆ. ಟ್ರಯಂಫ್‌ನವರು ಇದಕ್ಕೆ 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಪರಿಹಾರ ಕೊಟ್ಟರು: ಪಾಟಾದ ಒಂದೆಸಳನ್ನು ಮಾತ್ರ ಬಿಗಿ ಮಾಡಿ, ಉಳಿದವು ನಡುವಿನಲ್ಲಿ ತೂಗಾಡುವಂತೆ ಬಿಟ್ಟರು. ಆ ಪಾಟಾವನ್ನು ಹೆರಾಲ್ಡಿಗೆ ಹೊಂದಿಸಬಹುದು. ಹೊಂದಿಸುವಾಗ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಮುಂದಿನ ಆಂಟಿ ರೋಲ್ ಬಾರ್ ದಪ್ಪದ್ದಾಗಬೇಕು ಎಂಬುದನ್ನು ಮರೆಯಬೇಡಿ. ಟೈರು 145/80 ಆರ್ 13 ರೇಡಿಯಲ್ ಸಾಕು, ಅಗಲ ಟೈರಿನ ಮೋಹ ಬೇಡ.

ಇಂಜಿನ್ ವಿಷಯಕ್ಕೆ ಬಂದರೆ, ಬ್ಲಾಕನ್ನು ಉಳಿಸಿಕೊಂಡು ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಉಕ್ಕಿನ ಸೀಟ್ ಹಾಕಿಸಿ. ಸೀಸ ಬೆರೆತ ಪೆಟ್ರೋಲ್ ನಮ್ಮಲ್ಲಿ 2000ದಲ್ಲೇ ನಿಂತಿದೆ, ಸೀಸದ ರಕ್ಷಣೆಯಿಲ್ಲದೆ ಬೀಡುಕಬ್ಬಿಣದ ಸೀಟು ಸವೆಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಾಮನ್ನು ತಿನ್ನುತ್ತದೆ. ಎಥನಾಲ್ ತಾಳುವ ಪೈಪು, ಡಯಾಫ್ರಾಮ್ ಹಾಕಿಸಿ, ಮೇನ್ ಜೆಟ್ ಒಂದು ಅಳತೆ ದೊಡ್ಡದು ಮಾಡಿ, ಕಾರನ್ನು ಬಹಳ ದಿನ ನಿಲ್ಲಿಸುವಾಗ ಕಾರ್ಬುರೇಟರ್ ಖಾಲಿ ಮಾಡಿಡಿ. ಇದಾದ ಮೇಲೂ ವೇಗ ಬೇಕೆನಿಸಿದರೆ ಸ್ಪಿಟ್‌ಫೈರ್‌ನ ಜೋಡಿ ಕಾರ್ಬುರೇಟರ್ ಮತ್ತು ಅದರ ಎಕ್ಸಾಸ್ಟ್ ಹಾಕಿಸಿ, ಹಳೆಯವನ್ನು ಎಣ್ಣೆ ಹಚ್ಚಿ ಕಟ್ಟಿಡಿ. ಮಂಜಿನ ದಾರಿಗೆ ಹೆಡ್‌ಲೈಟಿಗೊಂದು ರಿಲೇ, ಡಿಸ್ಟ್ರಿಬ್ಯೂಟರ್ ಒಳಗೆ ಅಡಗುವ ಎಲೆಕ್ಟ್ರಾನಿಕ್ ಇಗ್ನಿಷನ್ ಒಳ್ಳೆಯದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿಸುವ ಮುನ್ನ ಬ್ಯಾಟರಿಯ ಯಾವ ತುದಿ ಬಾಡಿಯ ಲೋಹಕ್ಕೆ ಸೇರಿದೆ ನೋಡಿ. ಆ ಕಾಲದ ಬ್ರಿಟಿಷ್ ಮೂಲದ ಕಾರುಗಳಲ್ಲಿ ಪ್ಲಸ್ ತುದಿ ಸೇರಿರುವುದು ಸಾಮಾನ್ಯ, ಹಾಗೇ ಆಲ್ಟರ್ನೇಟರ್ ಜೋಡಿಸಿದರೆ ಸುಟ್ಟುಹೋಗುತ್ತದೆ.

ಸ್ಪ್ಯಾನರ್ ಸೆಟ್ ಇಂಚಿನ ಅಳತೆಯದ್ದೇ ಕೊಳ್ಳಿ. ಅರ್ಧ ಇಂಚಿನ ನಟ್ಟು 12.7 ಮಿಲಿಮೀಟರ್, ಗ್ಯಾರೇಜಿನ 13 ನಂಬರ್ ಸ್ಪ್ಯಾನರ್ ಅದಕ್ಕೆ ಸಡಿಲ. ತುಕ್ಕು ಹಿಡಿದ ನಟ್ಟಿನ ಮೂಲೆಗಳು ಒಂದೇ ಎಳೆತಕ್ಕೆ ಉರುಟಾಗುತ್ತವೆ. ಹಾಗೆಯೇ ಇದರ ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು) ಇಲ್ಲ. ಘಾಟಿ ಹತ್ತುವಾಗ ಎರಡರಿಂದ ಒಂದಕ್ಕೆ ಇಳಿಸಲು ಡಬಲ್ ಕ್ಲಚ್ ಮಾಡಲೇಬೇಕು, ಅಂದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಗೇರ್ ಹಾಕಬೇಕು. ನಿಮ್ಮ ಊರಿನಲ್ಲಿ ನಿವೃತ್ತರಾದ ಬಸ್ ಚಾಲಕರು ಯಾರಾದರೂ ಇದ್ದರೆ ಅವರಿಂದ ಕಲಿಯಿರಿ, ಅವರಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಸದ್ಯಕ್ಕೆ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಲು ಹೋಗಬೇಡಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ರಂಧ್ರಕ್ಕೂ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ವಾರ ಹಾಗೆಯೇ ಇಡಿ, ಆಮೇಲೆ ಕ್ರ್ಯಾಂಕಿನ ಮುಂಭಾಗದ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ. ತಿರುಗಿದರೆ ಅರ್ಧ ಖರ್ಚು ಉಳಿಯಿತು. ತಿರುಗಲಿಲ್ಲವೆಂದರೆ ಬಲ ಹಾಕಬೇಡಿ, ಇಲ್ಲಿಯೇ ಬರೆಯಿರಿ. ಚಾಸಿ ನಂಬರಿನ ಫಲಕದಲ್ಲಿ ಯಾವ ಮಾರ್ಕ್, ಅಂದರೆ ಎಷ್ಟನೇ ಆವೃತ್ತಿ, ಎಂದಿದೆ ಎಂಬುದನ್ನೂ ತಿಳಿಸಿದರೆ ಯಾವ ಭಾಗ ಯಾವ ಅಳತೆಯದು ಬೇಕೆಂದು ಹೇಳುತ್ತೇನೆ.