ಅಂಜಿಕೆ ದಾರಿಯದೋ, ಪಂಕ್ತಿಯದೋ?

ಈ ವಾರ ಬಂದ ಪತ್ರಗಳಲ್ಲಿ ಗದಗ-ಬೆಟಗೇರಿಯ ಸಹೋದರಿಯೊಬ್ಬರದು ಎಲ್ಲಕ್ಕಿಂತ ದಪ್ಪನೆಯದು. ನೋಟ್‌ಬುಕ್ಕಿನ ಹಾಳೆಗಳ ಎರಡೂ ಮಗ್ಗುಲಿಗೆ ಒತ್ತೊತ್ತಾಗಿ ಬರೆದು, ಜಾಗ ಸಾಲದೆ ಅಂಚಿನಲ್ಲಿಯೂ ಬರೆದಿದ್ದಾರೆ. ಓದತೊಡಗಿದಾಗ ಮರುಕ ಹುಟ್ಟಿತು. ಮುಗಿಸುವ ಹೊತ್ತಿಗೆ ಸಿಟ್ಟು ಬಂದಿತ್ತು. ಸಿಟ್ಟು ಅವರ ಮೇಲಲ್ಲ, ಅವರು ಎರಡೇ ಸಾಲಿನಲ್ಲಿ ಹೆಸರಿಸಿ ಬಿಟ್ಟಿರುವ ಒಬ್ಬ ಮನುಷ್ಯನ ಮೇಲೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಂಗತಿ ಇಷ್ಟು. ಅವರಿಗೆ ಐವತ್ನಾಲ್ಕು ವರ್ಷ. ಮಗಳ ಮದುವೆಯಾಗಿದೆ, ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ, ಯಜಮಾನರದು ಒಂದು ಸಣ್ಣ ಅಂಗಡಿ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗಬೇಕೆಂಬುದು ಬಹುಕಾಲದ ಆಸೆ. ಓಣಿಯಿಂದ ಪ್ರತಿ ವರ್ಷ ಶ್ರೀಶೈಲದ ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು ಹೊರಡುವ ಗುಂಪೊಂದಿದೆ, ಆದರೆ ಇವರಿಗೆ ಅದರ ಜೊತೆ ಹೋಗಲು ಮನಸ್ಸಿಲ್ಲ. ಗುಂಪಿನಲ್ಲಿ ಹೋದರೆ "ಹೋದವರಿಗೆಲ್ಲ ರೊಟ್ಟಿ ಬಡಿಯುವುದೇ ನನ್ನ ಯಾತ್ರೆ ಆಗುತ್ತದೆ" ಎಂದು ಬರೆದಿದ್ದಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೀಗಾಗಿ ಒಬ್ಬರೇ ಹೊರಡುವ ನಿರ್ಧಾರ. ಕಳೆದ ಎರಡು ಯುಗಾದಿಗಳಲ್ಲಿಯೂ ಚೀಲ ಕಟ್ಟಿ, ಹೊರಡುವ ಹಿಂದಿನ ದಿನ ಬಿಚ್ಚಿ ಇಟ್ಟಿದ್ದಾರೆ. ಈ ವರ್ಷವೂ ಅದೇ ಲಕ್ಷಣಗಳು ಆರಂಭವಾಗಿವೆ: ನಸುಕಿನ ನಾಲ್ಕಕ್ಕೆ ಎಚ್ಚರ, ಹೊಟ್ಟೆಯಲ್ಲಿ ಕಳವಳ, ಅಂಗೈಯಲ್ಲಿ ಬೆವರು. ನಾಯಿಗಳ ಭಯ, ಕಾಲಿಗೆ ಬೊಬ್ಬೆ ಏಳುವ ಭಯ, ರಾತ್ರಿ ಎಲ್ಲಿ ಮಲಗುವುದೆಂಬ ಭಯ, ತೆಲುಗು ಬಾರದ ಭಯ, ಕಾಡಿನ ಭಯ. ಇವುಗಳನ್ನು ಗೆಲ್ಲುವುದು ಹೇಗೆ ಎಂಬುದು ಪ್ರಶ್ನೆ.

ಮೊದಲು ನಸುಕಿನ ನಾಲ್ಕರ ಮಾತು. ಈ ಅಂಕಣದ ಹಳೆಯ ಓದುಗರಿಗೆ ಕೇಳಿ ಕೇಳಿ ಬೇಸರ ಬಂದಿರಬಹುದು, ಆದರೂ ಹೇಳುತ್ತೇನೆ: ಆ ಹೊತ್ತಿಗೆ ಹಾಸಿಗೆಯಲ್ಲಿ ಬರುವ ಯಾವ ವಿಚಾರವನ್ನೂ ಎದ್ದು ಮುಖ ತೊಳೆದು ಚಹಾ ಕುಡಿಯುವ ತನಕ ನಂಬಬಾರದು. ಇನ್ನು ನಿಮ್ಮ ಪಟ್ಟಿಯಲ್ಲಿರುವ ಭಯಗಳಲ್ಲಿ ಹೆಚ್ಚಿನವಕ್ಕೆ ಉತ್ತರ ನಿಮಗೇ ಗೊತ್ತಿದೆ. ಹೊಸ ಬೂಟು ಹಾಕಿಕೊಂಡು ಹೊರಡಬೇಡಿ, ಕಾಲಿಗೆ ಪಳಗಿದ್ದನ್ನೇ ಹಾಕಿಕೊಳ್ಳಿ. ಬಿಸಿಲು ಏರುವ ಮುನ್ನ ನಡೆದು, ನಡುಹಗಲು ನೆರಳಿನಲ್ಲಿ ಕಳೆದು, ಹೊತ್ತು ಇಳಿದ ಮೇಲೆ ಮತ್ತೆ ನಡೆಯಿರಿ. ಯುಗಾದಿಯ ಹೊತ್ತಿನ ರಾಯಚೂರು, ಕರ್ನೂಲು ಸೀಮೆಯ ಬಿಸಿಲನ್ನು ಗದಗಿನವರಿಗೆ ನಾನು ವಿವರಿಸಬೇಕಾಗಿಲ್ಲ. ನಾಯಿಗೆ ಕೈಯಲ್ಲೊಂದು ಕೋಲು ಸಾಕು. ತೆಲುಗು ಬಾರದಿದ್ದರೆ ಕನ್ನಡದಲ್ಲಿಯೇ ಮಾತನಾಡಿ; ಯುಗಾದಿಯ ದಿನಗಳಲ್ಲಿ ಶ್ರೀಶೈಲದ ಬೀದಿಗಳಲ್ಲಿ ಕನ್ನಡವೇ ಹೆಚ್ಚು ಕೇಳುತ್ತದೆ, ನಮ್ಮ ಕಡೆಯ ಭಕ್ತರು ಕಟ್ಟಿಸಿದ ಛತ್ರಗಳೂ ಅಲ್ಲಿವೆ. ಮಗ ಪ್ರತಿ ಸಂಜೆ ಮೊಬೈಲಿನಲ್ಲಿ ಲೊಕೇಶನ್ ಕಳಿಸು ಎಂದದ್ದಕ್ಕೆ ನೀವು ಬೇಸರಪಟ್ಟಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ, ಕಳಿಸಿ.

ಇಷ್ಟಾದ ಮೇಲೆ ನಾಲ್ಕನೆಯ ಹಾಳೆಗೆ ಬರೋಣ. ಅಲ್ಲಿ ನೀವು ಚೀಲದಲ್ಲಿ ಏನೇನಿದೆ ಎಂಬುದರ ಯಾದಿ ಕೊಟ್ಟಿದ್ದೀರಿ. ಎರಡು ಸೀರೆ, ಒಂದು ಚಾದರ, ಬ್ಯಾಟರಿ, ಮುಲಾಮು. ಆಮೇಲೆ ಖಡಕ್ ರೊಟ್ಟಿಯ ಎರಡು ಕಟ್ಟು, ಹಚ್ಚಿದ ಅವಲಕ್ಕಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ, ಶೇಂಗಾ ಹೋಳಿಗೆ, ಉಪ್ಪಿನಕಾಯಿ. ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಚೀಲ ಹನ್ನೊಂದು ಕಿಲೋ ಬಂದಿತೆಂದೂ, ಭುಜ ನೋಯುತ್ತದೆಂದೂ ಬರೆದು, ಅದರ ಪಕ್ಕದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಹೀಗೆ ಸೇರಿಸಿದ್ದೀರಿ: "ದಾರಿಯಲ್ಲಿ ಪ್ರಸಾದದ ವ್ಯವಸ್ಥೆ ಇರುತ್ತದೆ ಎನ್ನುತ್ತಾರೆ. ಆದರೆ ನನಗೆ ಹೊರಗೆ ಒಬ್ಬಳೇ ಕೂತು ಉಂಡು ರೂಢಿಯಿಲ್ಲ."

ನಿಮ್ಮ ಆರು ಹಾಳೆಗಳಲ್ಲಿ ನನಗೆ ಬೇಕಾಗಿದ್ದ ಸಾಲು ಇದೊಂದೇ.

ದೂರದ ನಡಿಗೆಗೆ ಹೊರಡುವವರು ತಮ್ಮ ಮೈತೂಕದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹೊರಬಾರದೆಂಬುದು ಸಾಮಾನ್ಯವಾದ ಲೆಕ್ಕ. ನೀವು ಅದರ ಎರಡು ಪಾಲಿನ ಹತ್ತಿರ ಹೊತ್ತಿದ್ದೀರಿ, ಅದೂ ಎಂಥ ದಾರಿಗೆ? ಯುಗಾದಿಗೆ ಮುಂಚಿನ ವಾರಗಳಲ್ಲಿ ಉತ್ತರ ಕರ್ನಾಟಕದ ಜಿಲ್ಲೆ ಜಿಲ್ಲೆಗಳಿಂದ ಜನ ಶ್ರೀಶೈಲದ ಕಡೆಗೆ ಹೊರಳಿರುತ್ತಾರೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆಯುವವರು, ಕೂಸನ್ನು ಬಗಲಲ್ಲಿ ಎತ್ತಿಕೊಂಡವರು. ಅವರಿಗಾಗಿ ಹಾದಿಯ ಊರುಗಳವರು ಚಪ್ಪರ ಹಾಕಿ ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ನಡೆದು ಬಂದವರನ್ನು ಕೂಡಿಸಿ ಕಾಲಿಗೆ ಎಣ್ಣೆ ತಿಕ್ಕುವವರೂ ಇರುತ್ತಾರೆ. ಅಲ್ಲಿ ಹಸಿವಿನಿಂದ ಬಳಲಿದೆ ಎಂದರೆ ನಿಮ್ಮನ್ನು ಯಾರೂ ನಂಬುವುದಿಲ್ಲ. ಆ ದಾರಿಗೆ ನೀವು ಹದಿನೈದು ದಿನದ ಬುತ್ತಿ ಕಟ್ಟಿದ್ದೀರಿ.

ಕಾಲಿನ ಬಗ್ಗೆ ನಿಮಗೆ ಅನುಮಾನವಿದೆ ಎಂದಿದ್ದೀರಿ, ನನಗಿಲ್ಲ. ವಾರಕ್ಕೆರಡು ಸಲ ಲಕ್ಕುಂಡಿಯವರೆಗೆ ಒಬ್ಬರೇ ನಡೆದು ಬಸ್ಸಿನಲ್ಲಿ ಮರಳುತ್ತೇನೆಂದು ನೀವೇ ಬರೆದಿದ್ದೀರಿ. ಅದು ಹನ್ನೆರಡು ಕಿಲೋಮೀಟರಿನಷ್ಟು ದೂರ, ಕೊಪ್ಪಳದ ಹೆದ್ದಾರಿ, ಲಾರಿಗಳ ಸದ್ದು, ಬೆಳಗಿನ ಕತ್ತಲು, ನಾಯಿಗಳು, ಎಲ್ಲವೂ ಇರುವ ದಾರಿ. ನಿಮ್ಮ ಯಾತ್ರೆಯ ಮೊದಲ ದಿನದ ಹಾದಿಯೂ ಅದೇ. ಅಲ್ಲಿ ನಿಮಗೆ ಅಂಜಿಕೆ ಆದದ್ದು ಪತ್ರದಲ್ಲಿ ಎಲ್ಲಿಯೂ ಇಲ್ಲ. ಆದರೆ ಒಂದು ಮಾತಿದೆ: ಲಕ್ಕುಂಡಿಯಲ್ಲಿ ಹಸಿವೆಯಾದರೂ ಏನೂ ತಿನ್ನದೆ ಮನೆಗೆ ಬಂದೇ ಉಣ್ಣುತ್ತೇನೆ. ಅಂದರೆ ಒಬ್ಬರೇ ನಡೆಯುವುದಕ್ಕೆ ನೀವು ಎಂದೋ ಪಳಗಿದ್ದೀರಿ. ಒಬ್ಬರೇ ಕೂತು, ಗುರುತಿಲ್ಲದವರು ಬಡಿಸಿದ್ದನ್ನು, ನಾಲ್ಕು ಜನ ನೋಡುವಾಗ ಉಣ್ಣುವುದಕ್ಕೆ ಪಳಗಿಲ್ಲ. ಎರಡು ವರ್ಷ ನಿಮ್ಮ ಚೀಲ ಬಿಚ್ಚಿಸಿದ್ದು ಈ ಅಂಜಿಕೆಯೇ ಎಂದು ನಾನು ತಿಳಿಯುತ್ತೇನೆ. ನಾಯಿ, ಕರಡಿ, ತೆಲುಗು ಇವೆಲ್ಲ ಮಂದಿಗೆ ಹೇಳಲು ಸುಲಭವಾದ ಕಾರಣಗಳು. ಪಂಕ್ತಿಯಲ್ಲಿ ಕೂಡಲು ನಾಚಿಕೆ ಎಂದು ಹೇಳಿಕೊಳ್ಳುವುದೇ ಒಂದು ನಾಚಿಕೆ.

ಇದು ಎಲ್ಲಿಂದ ಬಂತೆಂಬುದಕ್ಕೂ ನಿಮ್ಮ ಪತ್ರದಲ್ಲಿಯೇ ಸುಳಿವಿದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರುಗಳಿಂದ ರೊಟ್ಟಿಯ ರಾಶಿಯೇ ಹೋಗುತ್ತದೆ. ಮೊನ್ನೆಯ ಜಾತ್ರೆಗೆ ನೀವೂ ಇನ್ನೂರು ರೊಟ್ಟಿ ಬಡಿದು ಕಳಿಸಿದ್ದೀರಿ. ಓಣಿಯಲ್ಲಿ ಪಾದಯಾತ್ರಿಗಳು ಹಾದುಹೋಗುವಾಗ ಮಜ್ಜಿಗೆಯ ಕೊಡದ ಹತ್ತಿರ ನಿಲ್ಲುವವರು ನೀವು. ಆದರೆ ಆ ಜಾತ್ರೆಯ ಪಂಕ್ತಿಯಲ್ಲಿ ಕೂತು ಒಂದು ರೊಟ್ಟಿ ಮುರಿದವರಲ್ಲ. ತೀರಿಕೊಂಡ ನಿಮ್ಮ ಅತ್ತೆಯವರು "ನಮ್ಮ ಮನಿ ಹೆಣಮಕ್ಕಳು ಹೊರಗ ಕೈ ಒಡ್ಡೂದಿಲ್ಲ" ಎನ್ನುತ್ತಿದ್ದರಂತೆ. ಹಿರಿಯರನ್ನು ಬಯ್ಯುವ ಮನಸ್ಸು ನನಗಿಲ್ಲ, ಅವರ ಕಾಲದಲ್ಲಿ ಅದಕ್ಕೆ ಏನು ಕಾರಣವಿತ್ತೋ. ಆದರೆ ಕೊಡುವುದನ್ನು ಮಾತ್ರ ಬಲ್ಲ ಕೈಯಲ್ಲಿ ಸ್ವಲ್ಪ ಗರ್ವವೂ ಇರುತ್ತದೆ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ, ಈ ಅಂಕಣದಲ್ಲಿ ಬರೆದು ಬೈಸಿಕೊಂಡೂ ಇದ್ದೇನೆ. ನೀವು ಕೊಟ್ಟ ಮಜ್ಜಿಗೆ ಕುಡಿದವರೆಲ್ಲ ಕೈ ಒಡ್ಡಿದವರೇ. ಅವರಲ್ಲಿ ಒಬ್ಬರನ್ನಾದರೂ ನೀವು ಕೀಳಾಗಿ ಕಂಡಿದ್ದೀರಾ?

"ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ, ಮಗಳ ಮನೆಗೆ ಬರಿಗೈಲಿ ಹೋಗಬಾರದಲ್ಲ" ಎಂದು ನೀವು ಬುತ್ತಿಯನ್ನು ಸಮರ್ಥಿಸಿಕೊಂಡಿದ್ದೀರಿ. ಶ್ರೀಶೈಲದ ದೇವಿಯ ಬಗೆಗಿನ ನಮ್ಮ ಸೀಮೆಯ ಈ ನಂಬಿಕೆ ನನಗೂ ಬಹಳ ಪ್ರೀತಿಯದು. ಹಾಗಾದರೆ ಮಗಳಿಗೆ ಒಂದು ಇಲಕಲ್ಲ ಸೀರೆ, ಹಸಿರು ಬಳೆ, ಕುಂಕುಮ, ನಾಲ್ಕು ಹೋಳಿಗೆ ಒಯ್ಯಿರಿ. ಎರಡು ಕಟ್ಟು ಖಡಕ್ ರೊಟ್ಟಿ ಮಗಳಿಗಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಈಗ ಸಿಟ್ಟಿನ ಮಾತು. ನಿಮ್ಮ ಮೈದುನರು ಐದಾರು ಸಲ ಶ್ರೀಶೈಲಕ್ಕೆ ಹೋಗಿ ಬಂದವರು. ನೀವು ಚೀಲ ಕಟ್ಟಿದಾಗಲೆಲ್ಲ ಪಡಸಾಲೆಯಲ್ಲಿ ಕೂತು ಕರಡಿ, ಚಿರತೆ, ದಾರಿ ತಪ್ಪಿದವರ ಕಥೆ ಹೇಳುತ್ತಾರೆ. ನೀವು ಅದನ್ನು "ನನ್ನ ಮೇಲಿನ ಕಾಳಜಿ" ಎಂದು ಬರೆದಿದ್ದೀರಿ. ನಿಮ್ಮ ಔದಾರ್ಯಕ್ಕೆ ನಮಸ್ಕಾರ. ಅರ್ಧ ದಾರಿ ಟ್ರ್ಯಾಕ್ಟರಿನಲ್ಲಿ ಕೂತು ಹೋಗಿ, ಪ್ರತಿ ಚಪ್ಪರದಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡು, ಕಾಲು ಒತ್ತಿಸಿಕೊಂಡು ಬಂದ ಗೃಹಸ್ಥರು ಊಟದ ಸುದ್ದಿಯನ್ನು ನಿಮಗೆ ಒಂದು ಸಲವೂ ಹೇಳಿಲ್ಲ, ಕರಡಿಯ ಸುದ್ದಿಯನ್ನು ಮಾತ್ರ ಹೇಳಿದ್ದಾರೆ. ನೀವು ನಡೆದು ಹೋಗಿ ಮುಟ್ಟಿದರೆ ಟ್ರ್ಯಾಕ್ಟರಿನ ಭಕ್ತಿಗೆ ಓಣಿಯಲ್ಲಿ ಕಿಮ್ಮತ್ತು ಎಷ್ಟು ಉಳಿದೀತು? ಆ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿದ್ದಂತಿದೆ. ಹೊರಡುವ ತನಕ ಅವರು ಬಂದಾಗ ನೀವು ಹಿತ್ತಲಿನಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳಿ. ಯಜಮಾನರು "ನಿನ್ನ ಇಷ್ಟ" ಎಂದಷ್ಟೇ ಹೇಳಿದರೆಂದು ನೊಂದುಕೊಂಡಿದ್ದೀರಿ; ತಮ್ಮನ ಬಾಯಿ ಮುಚ್ಚಿಸದಿದ್ದುದು ಅವರ ತಪ್ಪು, ಉಳಿದಂತೆ ಅದು ಒಪ್ಪಿಗೆಯೇ.

ಕಾಡಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಒಂಟಿತನದ ಹಟಕ್ಕೆ ಸೊಪ್ಪು ಹಾಕುವುದಿಲ್ಲ. ಆತ್ಮಕೂರು ದಾಟಿದ ಮೇಲೆ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳನು, ಕೈಲಾಸದ್ವಾರ ಎಂದು ಸಾಗುವ ಕಾಲುದಾರಿ ನಲ್ಲಮಲ ಕಾಡಿನ ಒಳಗಿನದು. ಅದು ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶಗಳಲ್ಲೊಂದು. ಶಿವರಾತ್ರಿ ಮತ್ತು ಯುಗಾದಿಯ ದಿನಗಳಲ್ಲಿ ಅಲ್ಲಿ ಯಾತ್ರಿಕರ ಸಾಲು ಇರುತ್ತದೆ. ಆ ಸಾಲಿನ ನಡುವೆ ನಡೆಯಿರಿ, ಹಗಲಿನಲ್ಲಿ ನಡೆಯಿರಿ, ಹಿಂದೆ ಮುಂದೆ ಮಂದಿ ಕಾಣುವಂತೆ ನಡೆಯಿರಿ. ಅಲ್ಲಿ ಜನರೊಂದಿಗೆ ಕೂಡಿ ನಡೆದರೆ ನಿಮ್ಮ ಯಾತ್ರೆಗೆ ಏನೂ ಊನ ಬರುವುದಿಲ್ಲ, ಯಾರೂ ನಿಮಗೆ ರೊಟ್ಟಿ ಬಡಿಯಲು ಹೇಳುವುದಿಲ್ಲ. ಇಂಥ ಪತ್ರ ಬಂದರೆ ಅಕ್ಕಮಹಾದೇವಿ ಒಬ್ಬಳೇ ಶ್ರೀಶೈಲಕ್ಕೆ ಹೋಗಲಿಲ್ಲವೇ ಎಂದು ಎರಡು ಸಾಲು ಬರೆದು ಕೈ ತೊಳೆದುಕೊಳ್ಳುವವರಿದ್ದಾರೆ. ಅಕ್ಕನನ್ನು ಬಡಪಾಯಿ ಓದುಗರ ಬೆನ್ನಿಗೆ ಕೋಲಿನಂತೆ ಬಳಸುವುದು ನನಗೆ ಸೇರುವುದಿಲ್ಲ.

ಅಂಜಿಕೆಯ ಸ್ವಭಾವದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮುಂದಿನ ಸೂಚನೆ ಅದರ ಮೇಲೆಯೇ ನಿಂತಿದೆ. ಅಂಜಿಕೆಯಿಂದ ಹಿಂದೆ ಸರಿದ ಕೂಡಲೇ ಒಂದು ಹಾಯಾದ ನಿಟ್ಟುಸಿರು ಬರುತ್ತದೆ; ಚೀಲ ಬಿಚ್ಚಿದ ದಿನ ರಾತ್ರಿ ಗಾಢವಾಗಿ ನಿದ್ದೆ ಬಂತೆಂದು ನೀವೂ ಬರೆದಿದ್ದೀರಿ. ಹಾನಿ ಮಾಡುವುದು ಆ ನಿದ್ದೆಯೇ. ಸರಿದದ್ದೇ ಸರಿ ಎಂದು ಮನಸ್ಸು ಅದರಿಂದ ಪಾಠ ಕಲಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ಸರಿಯುತ್ತದೆ. ಇದಕ್ಕೆ ಮನೋವೈದ್ಯರು ಹೇಳುವ ಉಪಾಯ, ಅಂಜಿದ ವಸ್ತುವಿನ ಎದುರಿಗೆ ಸಣ್ಣ ಪ್ರಮಾಣದಲ್ಲಿ ಕೂತು, ಎದೆಬಡಿತ ತಾನಾಗಿ ಇಳಿಯುವ ತನಕ ಏಳದೇ ಇರುವುದು. ಏರಿದ ಬಡಿತ ಇಳಿದೇ ಇಳಿಯುತ್ತದೆ, ಕಾಯಬೇಕು ಅಷ್ಟೆ. ನಿದ್ದೆಗೆಡುವುದು ವಾರಗಟ್ಟಲೆ ಮುಂದುವರಿದು ಮನೆಗೆಲಸಕ್ಕೂ ಅಡ್ಡಿಯಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಪಕ್ಕದ ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. ಪತ್ರ ನೋಡಿದರೆ ಅಲ್ಲಿಯ ತನಕ ಹೋಗುವ ಪ್ರಸಂಗ ಕಾಣುವುದಿಲ್ಲ.

ಯುಗಾದಿಗೆ ಇನ್ನೂ ಎರಡು ತಿಂಗಳಿವೆ. ಬೇರೆ ಏನನ್ನೂ ಮಾಡಬೇಡಿ; ಯಾದಿ ತಿದ್ದಬೇಡಿ, ಚೀಲ ಮುಟ್ಟಬೇಡಿ. ಬರುವ ವಾರ ಲಕ್ಕುಂಡಿಯಿಂದ ಬಸ್ಸಿನಲ್ಲಿ ಮರಳಿದಾಗ ಮನೆಗೆ ಹೋಗದೆ, ಗದಗಿನಲ್ಲಿ ನಿಮ್ಮ ಗುರುತಿನವರು ಇಲ್ಲದ ಒಂದು ಖಾನಾವಳಿಗೆ ಹೋಗಿ. ಯಜಮಾನರು ಆ ದಿನ ತಾವೇ ಬಡಿಸಿಕೊಂಡು ಉಣ್ಣಲಿ. ಊಟದ ಹೊತ್ತಿಗೇ ಹೋಗಿ, ಖಾಲಿ ಇರುವ ಹೊತ್ತು ನೋಡಿ ಅಲ್ಲ. ಗೋಡೆಗೆ ಮುಖ ಮಾಡಿ ಕೂಡಬೇಡಿ, ಬಾಗಿಲಿಗೆ ಮುಖ ಮಾಡಿ ಕೂಡಿ. ಎದುರಿನ ಕುರ್ಚಿಯ ಮೇಲೆ ಚೀಲ ಇಟ್ಟು ಯಾರೋ ಬರುವವರಿದ್ದಾರೆ ಎಂಬಂತೆ ನಟಿಸಬೇಡಿ. ಮೊಬೈಲು ಹೊರಗೆ ತೆಗೆಯಬೇಡಿ. ಬಡಿಸುವ ಹುಡುಗ "ಒಬ್ಬರನ ಏನ್ರೀ?" ಎಂದು ಕೇಳುತ್ತಾನೆ, ಕೇಳಿಯೇ ಕೇಳುತ್ತಾನೆ, "ಹೌದಪಾ, ಒಬ್ಬಾಕಿನ" ಎನ್ನಿ. ಗಂಟಲು ಕಟ್ಟಿದಂತಾದರೆ ಪಾರ್ಸಲ್ ಕಟ್ಟಿಸಿಕೊಂಡು ಹೊರಡಬೇಕೆನಿಸುತ್ತದೆ. ಕಟ್ಟಿಸಿಕೊಳ್ಳಬೇಡಿ, ಕೂತೇ ಇರಿ, ಒಂದು ಗುಟುಕು ನೀರು ಕುಡಿದು ಮೊದಲ ರೊಟ್ಟಿ ಮುರಿಯಿರಿ.

ತಾಟಿನಲ್ಲಿದ್ದದ್ದು ಮುಗಿದ ಮೇಲೆ, ಹೊಟ್ಟೆ ತುಂಬಿರಲಿ ಬಿಡಲಿ, ಆ ಹುಡುಗನನ್ನು ಕರೆದು ಇನ್ನೊಂದು ರೊಟ್ಟಿ, ಸ್ವಲ್ಪ ಎಣಗಾಯಿ ಕೇಳಿ ಹಾಕಿಸಿಕೊಳ್ಳಿ. ಆಮೇಲೆ ನನಗೆ ಬರೆಯಿರಿ, ಈ ಸಲ ಒಂದು ಕಾರ್ಡು ಸಾಕು. ಎರಡನೆಯ ಸಲ ಬಾಯಿಬಿಟ್ಟು ಕೇಳಿದಿರೋ ಇಲ್ಲವೋ, ಅದನ್ನಷ್ಟೇ ತಿಳಿಸಿ. ಖಡಕ್ ರೊಟ್ಟಿಯ ಕಟ್ಟುಗಳನ್ನು ಏನು ಮಾಡಬೇಕೆಂದು ಆಗ ಹೇಳುತ್ತೇನೆ.